ಎರಡು ರಿಜಿಸ್ಟರಿನ ನಡುವಿನ ಕೂಸು

ರಾಣೆಬೆನ್ನೂರು
ಮಾರ್ಗಶಿರ ಮಾಸ

ಚಿರಂಜೀವಿ ಮೊಮ್ಮಗಳಿಗೆ ನಿನ್ನ ಅಜ್ಜಿ ಮಾಡುವ ಆಶೀರ್ವಾದಗಳು.

ಚಳಿ ಬಿದ್ದ ಮೇಲೆ ನಿಮ್ಮ ಅಜ್ಜನ ಮೊಣಕಾಲು ನೋವು ಸ್ವಲ್ಪ ಹೆಚ್ಚಾಗಿದೆ. ಆದರೂ ಬೆಳಿಗ್ಗೆ ಎದ್ದು ಬಸ್ ಸ್ಟ್ಯಾಂಡಿನ ತನಕ ಚಹಾಕ್ಕೆ ಹೋಗುವುದು ಬಿಟ್ಟಿಲ್ಲ, ಬಿಡುವವರೂ ಅಲ್ಲ.

ಬ್ಯಾಡಗಿ ತಾಲ್ಲೂಕಿನ ಉಪಕೇಂದ್ರಕ್ಕೆ ನೀನು ಸಮುದಾಯ ಆರೋಗ್ಯ ಅಧಿಕಾರಿಯಾಗಿ ಹಾಜರಾದೆ ಎಂದು ಕೇಳಿ ಹೊಟ್ಟೆ ತಣ್ಣಗಾಯಿತು. ನಾನು ಇಲಾಖೆಗೆ ಸೇರಿದಾಗ ಅಂಥದೊಂದು ಹುದ್ದೆಯೇ ಇರಲಿಲ್ಲ. ಊರವರ ಬಾಯಲ್ಲಿ ನಾವು ‘ನರ್ಸಕ್ಕ’, ಕಾಗದದಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ. ತಲೆ ನರೆತ ಮೇಲೆ ‘ಹಿರಿಯ’. ಈಗ ಆ ಕೆಲಸಕ್ಕೂ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂದು ದೊಡ್ಡ ಹೆಸರು ಬಂದಿದೆ. ಹೆಗಲಿಗೆ ನೇತುಹಾಕಿಕೊಳ್ಳುವ ನೀಲಿ ಲಸಿಕೆ ಡಬ್ಬಿ ಮಾತ್ರ ಅದೇ.

ನೀನು ಮೊಬೈಲಿಗೆ ಕಳಿಸಿದ್ದ ನಕಾಶೆ ನೋಡಿದೆ. ಜಿಲ್ಲೆಗೊಂದು ಬಣ್ಣ ಬಳಿದಿದ್ದೀಯಲ್ಲ, ಲಸಿಕೆ ಪೂರ್ತಿಯಾದ ಕಡೆ ಕಡು ಹಸಿರು, ಕಮ್ಮಿ ಇದ್ದ ಕಡೆ ಕೆಂಪು. ಕೆಳಗೆ ಒಂದು ಸಾಲು ಬರೆದಿದ್ದೆ: ‘ಒಂದೇ ರಾಜ್ಯದಾಗ ಇಷ್ಟು ಫರಕು ಯಾಕ ಅಜ್ಜಿ?’ ಫೋನಿನಲ್ಲಿ ಉತ್ತರ ಹೇಳಬಹುದಿತ್ತು. ಆದರೆ ಫೋನಿನಲ್ಲಿ ಹೇಳಿದ್ದನ್ನು ನೀನು ‘ಹೂಂ ಹೂಂ’ ಎಂದು ಕೇಳಿ ಬಿಡುತ್ತೀ. ಕಾಗದ ಆದರೆ ಚೀಲದಲ್ಲಿ ಇರುತ್ತದೆ.

ಮೊದಲು ನಿನ್ನ ಅಂಕಿಗಳಿಂದಲೇ ಶುರು ಮಾಡುತ್ತೇನೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ, ಅಂದರೆ 2019-21ರಲ್ಲಿ, ಒಂದರಿಂದ ಎರಡು ವರ್ಷದೊಳಗಿನ ನೂರು ಮಕ್ಕಳಲ್ಲಿ ಮೂಲ ಲಸಿಕೆಗಳು ಪೂರ್ತಿಯಾದವರು ದೇಶದಲ್ಲಿ 76, ಕರ್ನಾಟಕದಲ್ಲಿ 84. ಹೆಮ್ಮೆಪಡು, ತಪ್ಪಿಲ್ಲ. ಆದರೆ ಹಿಂದಿನ ಸುತ್ತುಗಳನ್ನೂ ತೆಗೆದು ನೋಡು. 1992-93ರಲ್ಲಿ ನಮ್ಮ ರಾಜ್ಯ ಶೇ 52ರಷ್ಟಿತ್ತು, 1998-99ರಲ್ಲಿ 60ಕ್ಕೆ ಏರಿತು, 2005-06ರಲ್ಲಿ 55ಕ್ಕೆ ಇಳಿಯಿತು! ಆ ಏಳೆಂಟು ವರ್ಷ ಇಡೀ ದೇಶ ನಿಧಾನಕ್ಕಾದರೂ ಮೇಲಕ್ಕೆ ಹೋಗುತ್ತಿತ್ತು, ನಾವು ಜಾರಿದೆವು. 2015-16ರಲ್ಲಿ 62.6ಕ್ಕೆ ಬಂದಾಗಲೂ ಅದು ದೇಶದ ಸರಾಸರಿಗಿಂತ ಕೂದಲೆಳೆಯಷ್ಟೇ ಮೇಲೆ. ಅಲ್ಲಿಂದ ನಾಲ್ಕೇ ವರ್ಷದಲ್ಲಿ 84. ಏರಿದ್ದು ಇಳಿಯಬಲ್ಲದು ಎಂಬುದನ್ನು ನಿನ್ನ ವಾರಿಗೆಯವರು ನೋಡಿಲ್ಲ, ನಾನು ನೋಡಿದ್ದೇನೆ. ಪೋಲಿಯೊ ಹನಿಯ ಭಾನುವಾರಗಳಿಗೆ ಇಲಾಖೆಯ ಕೈಕಾಲೆಲ್ಲ ಓಡುತ್ತಿದ್ದ ಕಾಲ ಅದು. ದಿನನಿತ್ಯದ ಸೂಜಿಯ ಕೆಲಸ ಸೊರಗಿತು ಎಂದು ನಾವು ನರ್ಸುಗಳು ಆಗಲೇ ನಮ್ಮೊಳಗೆ ಮಾತಾಡಿಕೊಳ್ಳುತ್ತಿದ್ದೆವು. ಅದೊಂದೇ ಕಾರಣ ಎಂದು ನಾನು ಹೇಳುತ್ತಿಲ್ಲ.

ಬೇರೆ ರಾಜ್ಯಗಳ ಕಡೆ ನೋಡಿದರೆ ನಿನ್ನ ಪಾಠಪುಸ್ತಕದ ಲೆಕ್ಕವೇ ತಲೆಕೆಳಗಾಗುತ್ತದೆ. ಅದೇ ಐದನೆಯ ಸುತ್ತಿನಲ್ಲಿ ಒಡಿಶಾ ಶೇ 90 ದಾಟಿದೆ. ಓದುಬರಹದಲ್ಲಿ, ಆಸ್ಪತ್ರೆಯಲ್ಲಿ ಬಹಳ ಮುಂದಿರುವ ಕೇರಳ 78ರ ಹತ್ತಿರ ನಿಂತಿದೆ. ಅದರ ಹಿಂದಿನ ಸುತ್ತಿನಲ್ಲಿ 82 ಇತ್ತು. ಮಹಾರಾಷ್ಟ್ರ ಶ್ರೀಮಂತ ರಾಜ್ಯ, ಆದರೂ ದೇಶದ ಸರಾಸರಿಗಿಂತ ಕೆಳಗೆ. ನಾಗಾಲ್ಯಾಂಡ್ 58. ಬಡತನ, ಓದುಬರಹ ಇವೆರಡನ್ನೇ ಹಿಡಿದು ಈ ನಕಾಶೆಯನ್ನು ಓದಲು ಹೊರಟರೆ ದಾರಿ ತಪ್ಪುತ್ತೀ.

ಇನ್ನು ನಮ್ಮ ರಾಜ್ಯದ ಒಳಗೆ. 2014ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಇಂದ್ರಧನುಷ್ ಅಭಿಯಾನ ಸಾರಿ, ಲಸಿಕೆ ತಪ್ಪಿದ ಮಕ್ಕಳು ಹೆಚ್ಚಿದ್ದ 201 ಜಿಲ್ಲೆಗಳನ್ನು ಮೊದಲ ಹಂತಕ್ಕೆ ಆರಿಸಿತು. ಕರ್ನಾಟಕದಿಂದ ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ. ಇದು ಯಾರಿಗೂ ಆಶ್ಚರ್ಯವಲ್ಲ. ಆರನೆಯದು ಬೆಂಗಳೂರು ನಗರ! ವಿಧಾನಸೌಧ ಇರುವ, ಬೀದಿಗೊಂದು ಮಕ್ಕಳ ಆಸ್ಪತ್ರೆ ಇರುವ ಊರು. ಪಕ್ಕದ ಕೇರಳದಿಂದ ಆ ಪಟ್ಟಿಗೆ ಬಂದದ್ದು ಮಲಪ್ಪುರಂ ಮತ್ತು ನಮ್ಮ ಕನ್ನಡದವರ ಕಾಸರಗೋಡು. ಬೆಂಗಳೂರಿನಲ್ಲಿ ಕಟ್ಟಡ ಏಳುವ ಕಡೆ ನೀಲಿ ತಗಡಿನ ಶೆಡ್ಡುಗಳನ್ನು ನೀನು ಓದುವಾಗ ನೋಡಿದ್ದೀ. ಅಲ್ಲಿರುವ ಕೂಸುಗಳು ಎಲ್ಲಿಯವು? ಯಾದಗಿರಿಯವು, ರಾಯಚೂರಿನವು, ಒಂದಿಷ್ಟು ನಮ್ಮ ಕಡೆಯವೂ ಇರಬೇಕು. ಅಂದರೆ ನಿನ್ನ ನಕಾಶೆಯ ಎರಡು ಬಣ್ಣಗಳಲ್ಲಿ ಒಂದೇ ಕೂಸು ಎರಡು ಸಲ ಕಳೆದುಹೋಗಿದೆ.

ನನ್ನ ಉತ್ತರ ಇಲ್ಲಿಂದಲೇ ಶುರುವಾಗುತ್ತದೆ, ಅವ್ವೀ. ಲಸಿಕೆ ತಪ್ಪಿದ ಕೂಸು ಹಿಂದುಳಿದ ಜಿಲ್ಲೆಯಲ್ಲಿ ಇದೆ ಎಂದು ನೀನು ತಿಳಿದಿದ್ದೀ. ನಾನು ಕಂಡಂತೆ ಅದು ಎರಡು ರಿಜಿಸ್ಟರಿನ ನಡುವೆ ಇದೆ.

ತವರುಮನೆ ಬಾಣಂತನವನ್ನೇ ತೆಗೆದುಕೋ. ಹಾನಗಲ್ ಕಡೆಗೆ ಕೊಟ್ಟ ಹುಡುಗಿ ಚೊಚ್ಚಲ ಹೆರಿಗೆಗೆ ಬ್ಯಾಡಗಿ ತಾಲ್ಲೂಕಿನ ತವರಿಗೆ ಬರುತ್ತಾಳೆ. ಹೆರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ. ಹುಟ್ಟಿದ ಕೂಡಲೇ ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್ ಬಿ ಆಗುತ್ತವೆ. ಒಂದೂವರೆ ತಿಂಗಳಿನದು, ಎರಡೂವರೆಯದು, ಮೂರೂವರೆಯದು ತವರಿನಲ್ಲಿ ಹೇಗೋ ಆಗುತ್ತವೆ, ಏಕೆಂದರೆ ಅಜ್ಜಿ ಇದ್ದಾಳೆ, ಆಶಾ ಕಾರ್ಯಕರ್ತೆ ಓಣಿಯವಳೇ. ಆಮೇಲೆ ಐದನೆಯ ತಿಂಗಳು ನೋಡಿ, ಉಡಿ ತುಂಬಿ ಗಂಡನ ಮನೆಗೆ ಕಳಿಸುತ್ತಾರೆ. ದಡಾರ-ರುಬೆಲ್ಲಾ ಸೂಜಿ ಬರುವುದು ಒಂಬತ್ತು ತಿಂಗಳಿಗೆ. ಆಗ ತವರಿನ ನರ್ಸು ಹೇಳುತ್ತಾಳೆ: ‘ಆ ಕೂಸು ಗಂಡನ ಮನೀಗೆ ಹೋತ್ರಿ.’ ಗಂಡನ ಊರಿನ ನರ್ಸು ಹೇಳುತ್ತಾಳೆ: ‘ಆ ಕೂಸು ನಮ್ಮ ಲಿಸ್ಟಿನಾಗ ಇಲ್ರಿ, ತವರಮನ್ಯಾಗ ಹುಟ್ಟೇತಿ.’ ಇಬ್ಬರೂ ಸುಳ್ಳು ಹೇಳುತ್ತಿಲ್ಲ. ತಾಯಿ ಕಾರ್ಡು ತವರಿನ ಟ್ರಂಕಿನಲ್ಲಿ ಸೀರೆಯ ಕೆಳಗೆ ಉಳಿದಿರುತ್ತದೆ.

ಇದಕ್ಕೆ ರೊಕ್ಕದ ಲೆಕ್ಕವೂ ಸೇರಿದೆ. ಒಂದು ವರ್ಷದೊಳಗಿನ ಲಸಿಕೆ ಪೂರ್ತಿ ಹಾಕಿಸಿದರೆ ಆಶಾಗೆ ಒಂದು ಕೂಸಿಗೆ 100 ರೂಪಾಯಿ, ಎರಡು ವರ್ಷದ ತನಕದ್ದು ಮುಗಿಸಿದರೆ 75 ಎಂದು ದೇಶದ ನಿಯಮ. ಮಳೆ ಬಿಸಿಲೆನ್ನದೆ ಓಡಾಡುವ ಹೆಣ್ಣುಮಗಳಿಗೆ ಅದು ದೊಡ್ಡ ದುಡ್ಡಲ್ಲ, ಆದರೆ ಅವಳ ಸಂಸಾರದಲ್ಲಿ ಅದಕ್ಕೂ ಲೆಕ್ಕವಿದೆ. ಮೂರು ಸೂಜಿ ಇವಳ ಊರಲ್ಲಿ, ನಾಲ್ಕನೆಯದು ಅವಳ ಊರಲ್ಲಿ ಆದರೆ ಆ 100 ರೂಪಾಯಿ ಯಾರದ್ದು? ಪೂರ್ತಿಯಾದ ಕೂಸಿಗೆ ಮಾತ್ರ ದುಡ್ಡು ಎಂದು ಇಟ್ಟ ಮೇಲೆ ಅರ್ಧಕ್ಕೆ ಬಂದ ಕೂಸು ಯಾರ ಪಟ್ಟಿಗೂ ಹೊರೆಯೇ. ಆಶಾಗಳು 2025ರ ಜನವರಿ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತು ತಿಂಗಳಿಗೆ ನಿಗದಿತ ಗೌರವಧನ ಕೇಳಿದಾಗ ಟಿ.ವಿ.ಯವರು ಅದನ್ನು ಸಂಬಳದ ಜಗಳ ಎಂದು ತೋರಿಸಿದರು. ನನಗೆ ಅದು ಈ ಕೂಸುಗಳ ಜಗಳ ಎಂದೂ ಕಂಡಿತು.

ಇನ್ನು ಕುರಿ ಹಿಂಡಿನ ಜತೆ ಹೋಗುವವರು. ರಾಣೆಬೆನ್ನೂರು ತಾಲ್ಲೂಕಿನ ಕುರಿಗಾರರು ಸುಗ್ಗಿ ಮುಗಿದ ಹೊಲ ಹುಡುಕಿಕೊಂಡು ಹೊರಟರೆ ಹೆಂಡತಿ, ಮಕ್ಕಳು, ಕೋಳಿ, ನಾಯಿ ಎಲ್ಲ ಜತೆಗೆ. ಇವತ್ತು ಈ ಹೊಲ, ಮುಂದಿನ ವಾರ ಬೇರೆ ತಾಲ್ಲೂಕು. ಅವರಿಗೆ ಲಸಿಕೆ ಎಂದರೆ ತಿಳಿಯದು ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನೀಲಿ ನಾಲಿಗೆ ರೋಗಕ್ಕೆ, ಕರುಳುಬೇನೆಗೆ ಕುರಿಗಳಿಗೆ ಯಾವ ತಿಂಗಳು ಸೂಜಿ ಹಾಕಿಸಬೇಕು, ಮಳೆಗೆ ಮುಂಚೆಯೋ ಆಮೇಲೆಯೋ ಎಂಬುದನ್ನು ಅವರು ಬೆರಳ ಮೇಲೆ ಹೇಳುತ್ತಾರೆ. ಒಬ್ಬ ಹಿರಿಯ ಕುರಿಗಾರನಿಗೆ ನಾನು ಕೇಳಿದ್ದೆ: ‘ಕುರೀಗೆ ಹಾಕಸ್ತಿ, ಕೂಸಿಗ್ಯಾಕ ಹಾಕಸಂಗಿಲ್ಲಪಾ?’ ಅವನು ಅಂದ: ‘ಕುರಿ ಡಾಕ್ಟರು ಹಟ್ಟೀಗೇ ಬರ್ತಾರವ್ವ. ನೀವು ಬರಂಗಿಲ್ಲ.’ ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಇಲಾಖೆಯ ಹತ್ತಿರವೂ ಇರಲಿಲ್ಲ. ಲಂಬಾಣಿ ತಾಂಡಾಗಳಿಂದ ಗೋವಾಕ್ಕೆ, ಮಲೆನಾಡಿನ ಕಾಫಿ ತೋಟಕ್ಕೆ ಹೋಗುವವರ ಕಥೆಯೂ ಇದೇ.

ಪೋಲಿಯೊ ಗೆದ್ದದ್ದು ಹೇಗೆ ಎಂದು ನೀವು ಪರೀಕ್ಷೆಗೆ ಓದಿರುತ್ತೀರಿ. 2009ರಲ್ಲೂ ದೇಶದಲ್ಲಿ 741 ಮಕ್ಕಳಿಗೆ ಪೋಲಿಯೊ ಬಂದಿತ್ತು. ಮರುವರ್ಷ 42. 2011ರ ಜನವರಿಯಲ್ಲಿ ಹೌರಾದ ಒಂದು ಮಗು ಕೊನೆಯದು. ಅಷ್ಟು ಬೇಗ ಇಳಿದದ್ದು ಹೊಸ ಹನಿಯಿಂದಲೂ ಹೌದು, ಹೊಸ ಎಣಿಕೆಯಿಂದಲೂ ಹೌದು. ಉತ್ತರ ಪ್ರದೇಶ ಮತ್ತು ಬಿಹಾರದ ಎಲ್ಲ ಜಿಲ್ಲೆಗಳ ಮೇಲೆ ಒಂದೇ ಸಮನೆ ಬೀಳುವುದನ್ನು ಬಿಟ್ಟು, ರೋಗ ಬೇರು ಬಿಟ್ಟಿದ್ದ 107 ಬ್ಲಾಕುಗಳನ್ನು ಹಿಡಿದರು. ರೈಲಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಇಟ್ಟಿಗೆ ಭಟ್ಟಿಯಲ್ಲಿ ನಿಂತು ಹನಿ ಹಾಕಿದರು. ಜಿಲ್ಲೆಯಲ್ಲಿ ಸಿಗದ ಕೂಸು ರೈಲಿನಲ್ಲಿ ಸಿಕ್ಕಿತು.

ನಮ್ಮಲ್ಲೂ ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ಪ್ರಾದೇಶಿಕ ಅಸಮತೋಲನದ ವರದಿ ಕೊಟ್ಟಾಗ ಹಿಂದುಳಿದಿರುವುದನ್ನು ತಾಲ್ಲೂಕು ತಾಲ್ಲೂಕಾಗಿ ಅಳೆಯಿತು. ಆದರೆ ಸಮೀಕ್ಷೆ ಕೊಡುವ ಲಸಿಕೆಯ ಅಂಕಿ ಇಂದಿಗೂ ಜಿಲ್ಲೆಗೆ ಬಂದು ನಿಲ್ಲುತ್ತದೆ. ಕುಟುಂಬ ಆರೋಗ್ಯ ಸಮೀಕ್ಷೆ ಜಿಲ್ಲಾವಾರು ಅಂಕಿ ಕೊಡಲು ಶುರು ಮಾಡಿದ್ದೇ ನಾಲ್ಕನೆಯ ಸುತ್ತಿನಿಂದ. 1997ರ ಆಗಸ್ಟ್ ತನಕ ಹಾವೇರಿ ಎಂಬ ಜಿಲ್ಲೆಯೇ ಇರಲಿಲ್ಲ. ನಾವೂ ಗದಗಿನವರೂ ಎಲ್ಲ ಧಾರವಾಡ ಜಿಲ್ಲೆ. ಹುಬ್ಬಳ್ಳಿಯ ಪೇಟೆಯ ಕೂಸು, ಬ್ಯಾಡಗಿಯ ಒಣಭೂಮಿಯ ಕೂಸು ಒಂದೇ ಅಂಕಿಯೊಳಗೆ. ಹುಬ್ಬಳ್ಳಿ ಚೆನ್ನಾಗಿದ್ದರೆ ನಾವೂ ಚೆನ್ನಾಗಿದ್ದೇವೆ ಎಂದು ಬೆಂಗಳೂರಿಗೆ ಕಾಣುತ್ತಿತ್ತು. ಈಗ ಹಾವೇರಿಯ ಅಂಕಿಯೊಳಗೆ ಯಾವ ತಾಂಡಾ, ಯಾವ ಹಟ್ಟಿ ಅಡಗಿದೆ ಎಂಬುದು ನಿನ್ನ ನಕಾಶೆಗೆ ಕಾಣುವುದಿಲ್ಲ.

ದಡಾರಕ್ಕೆ ಈ ಸರಾಸರಿಯ ಹಂಗಿಲ್ಲ. ನಮ್ಮ ಕಡೆ ಗೊಬ್ಬರ ಎನ್ನುವ ಆ ಬೇನೆ ಒಬ್ಬರಿಂದ ಹನ್ನೆರಡರಿಂದ ಹದಿನೆಂಟು ಜನರಿಗೆ ಹಬ್ಬಬಲ್ಲದು. ಅದನ್ನು ತಡೆಯಲು ನೂರಕ್ಕೆ 95 ಮಕ್ಕಳಿಗೆ ಎರಡು ಡೋಸು ಆಗಿರಬೇಕು. 84 ಎಂಬ ನಮ್ಮ ಅಂಕಿಯಲ್ಲಿ ಎರಡನೆಯ ಡೋಸಿನ ಲೆಕ್ಕವೇ ಇಲ್ಲ. ಬಿಸಿಜಿ, ಮೂರು ಪೋಲಿಯೊ, ಮೂರು ಪೆಂಟಾ ಅಥವಾ ಡಿಪಿಟಿ, ಒಂದು ದಡಾರ, ಇಷ್ಟಾದರೆ ಪೂರ್ತಿ ಎಂದು ಹಿಡಿಯುತ್ತಾರೆ. ಉಳಿದ 16 ಮಕ್ಕಳು ರಾಜ್ಯದ ತುಂಬ ಎಳ್ಳು ಚೆಲ್ಲಿದ ಹಾಗೆ ಚದುರಿದ್ದರೆ ಅರ್ಧ ಚಿಂತೆ ಕಮ್ಮಿ. ಆದರೆ ಅವರು ಒಂದೇ ತಾಂಡಾದಲ್ಲಿ, ಒಂದೇ ಶೆಡ್ಡಿನಲ್ಲಿ ಇರುತ್ತಾರೆ. 2022ರಲ್ಲಿ ಮುಂಬಯಿಯ ಗೋವಂಡಿಯಲ್ಲಿ ದಡಾರ ಎದ್ದು ಮಕ್ಕಳು ಸತ್ತದ್ದು ಹೀಗೆಯೇ. ದೇಶದ ಅತಿ ಶ್ರೀಮಂತ ನಗರದ ಒಂದು ಬಡಾವಣೆ ಅದು.

ಈಗ ನಿನ್ನ ಬ್ಯಾಡಗಿಗೆ ಬರುತ್ತೇನೆ. ಅಲ್ಲಿಯ ಕೋಲ್ಡ್ ಸ್ಟೋರೇಜುಗಳನ್ನು ನೋಡಿದ್ದೀಯಲ್ಲ, ಮೆಣಸಿನಕಾಯಿ ಕೆಂಪು ಬಣ್ಣ ಬಿಡದ ಹಾಗೆ ವರ್ಷಗಟ್ಟಲೆ ಕಾಯುತ್ತವೆ. ನಿನ್ನ ಲಸಿಕೆಯೂ ಅಂಥದೇ ಮಾಲು, ಎರಡರಿಂದ ಎಂಟು ಡಿಗ್ರಿಯ ಒಳಗೇ ಇರಬೇಕು. ಮೆಣಸಿನಕಾಯಿ ಬಿಸಿಲಿಗೆ ಬಿದ್ದರೆ ಬಣ್ಣ ಹೋಗಿ ನಷ್ಟ ಕಣ್ಣಿಗೆ ಕಾಣುತ್ತದೆ. ಲಸಿಕೆ ಕೆಟ್ಟರೆ ನೀರಿನಂತೆ ಇದ್ದ ಹಾಗೇ ಇರುತ್ತದೆ. ಅದಕ್ಕೇ ಶೀಶೆಯ ಮೇಲೆ ಆ ಚಿಕ್ಕ ಚೌಕದ ಗುರುತು ಇಟ್ಟಿದ್ದಾರೆ. ಒಳಗಿನ ಚೌಕ ಹೊರಗಿನ ವೃತ್ತದಷ್ಟೇ ಕಪ್ಪಾದರೆ ಯಾರು ಒತ್ತಾಯಿಸಿದರೂ ಹಾಕಬೇಡ. ಬಿಸಿಜಿ ಮತ್ತು ದಡಾರದ ಶೀಶೆ ತೆರೆದರೆ ನಾಲ್ಕು ತಾಸಿನೊಳಗೆ ಮುಗಿಸಬೇಕು, ಇಲ್ಲವೇ ಚೆಲ್ಲಬೇಕು. ಇಲ್ಲೊಂದು ಸಣ್ಣ ಗುಟ್ಟಿದೆ. ಒಂದೇ ಕೂಸು ಬಂದಾಗ ಕೆಲವರು ‘ಮುಂದಿನ ವಾರ ಬಾರವ್ವ, ನಾಕು ಕೂಸು ಕೂಡಲಿ’ ಎಂದು ಕಳಿಸುತ್ತಾರೆ. ಶೀಶೆ ಉಳಿಯುತ್ತದೆ. ಕೂಲಿ ಬಿಟ್ಟು ಬಂದ ಆ ತಾಯಿ ಮುಂದಿನ ವಾರ ಬರುವುದಿಲ್ಲ. ನೀನು ಶೀಶೆ ಒಡೆ. ಮೇಲಿನವರು ಕೇಳಿದರೆ ಒಂದು ಕೂಸಿಗಾದರೂ ತೆರೆಯಿರಿ ಎಂಬುದು ಇಲಾಖೆಯದೇ ಮಾತು ಎಂದು ಹೇಳು.

ನಮ್ಮ ರಾಜ್ಯದಲ್ಲಿ ಲಸಿಕೆ ಎಂದರೆ ಗುರುವಾರ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ ಯಾವತ್ತು? ಸೋಮವಾರ ಮತ್ತು ಗುರುವಾರ! ಡಿಸೆಂಬರಿನಿಂದ ಬೇಸಿಗೆಯ ತನಕ ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದ ಲಾರಿಗಟ್ಟಲೆ ಮಾಲು ಬೀಳುವಾಗ ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳೆಲ್ಲ ಮೆಣಸಿನಕಾಯಿಯ ತೊಟ್ಟು, ಅಂದರೆ ತುಂಬು, ಬಿಡಿಸಲು ಅಲ್ಲೇ. ಮೂಗಿಗೆ ಸೆರಗು ಕಟ್ಟಿಕೊಂಡು ಕೂರುತ್ತಾರೆ. ಎಷ್ಟು ಬಿಡಿಸಿದರೆ ಅಷ್ಟು ಕೂಲಿ. ಗುರುವಾರ ಬೆಳಿಗ್ಗೆ ಹತ್ತಕ್ಕೆ ಅಂಗನವಾಡಿಗೆ ಕೂಸು ತನ್ನಿ ಎಂದು ನೀನು ಡಂಗುರ ಸಾರಿದರೆ ಯಾರು ಬರಬೇಕು? ಮತ್ತೆ ತಿಂಗಳ ಕೊನೆಗೆ ವರದಿಯಲ್ಲಿ ‘ತಾಯಂದಿರ ನಿರಾಸಕ್ತಿ’ ಎಂದು ಬರೆಯುತ್ತೇವೆ. ಈ ಎರಡು ಗುರುವಾರಗಳು ಡಿಕ್ಕಿ ಹೊಡೆಯುವುದು ಬೆಂಗಳೂರಿನ ಮೇಜಿನ ಮೇಲೆ ಯಾರಿಗೂ ಕಾಣುವುದಿಲ್ಲ. ಕಾಣಬೇಕಾದವಳು ನೀನು.

ಇನ್ನೊಂದು ಮಾತು ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಎಲ್ಲ ಫರಕೂ ಜನರಿಂದ ಆದದ್ದಲ್ಲ, ಕೆಲವನ್ನು ಸರ್ಕಾರವೇ ಗೆರೆ ಎಳೆದು ಮಾಡಿದೆ. ಜಪಾನೀಸ್ ಮೆದುಳು ಜ್ವರದ ಸೂಜಿ ಎಲ್ಲ ಜಿಲ್ಲೆಗೂ ಇಲ್ಲ, ರೋಗ ಕಂಡುಬಂದ ಜಿಲ್ಲೆಗಳಿಗೆ ಮಾತ್ರ. ನಮ್ಮ ಅಕ್ಕಪಕ್ಕದ ಧಾರವಾಡ, ದಾವಣಗೆರೆ ಆ ಪಟ್ಟಿಯಲ್ಲಿ ಮೊದಲೇ ಇದ್ದವು, ಹಾವೇರಿ ಇರಲಿಲ್ಲ. ತುಂಗಭದ್ರೆಯ ಆಚೆ ದಡ ಹರಿಹರ, ದಾವಣಗೆರೆ ಜಿಲ್ಲೆ. ಈಚೆ ದಡ ಕುಮಾರಪಟ್ಟಣ, ನಮ್ಮ ರಾಣೆಬೆನ್ನೂರು ತಾಲ್ಲೂಕು. ಗಂಡ ಈಚೆ ಫ್ಯಾಕ್ಟರಿಯಲ್ಲಿ ದುಡಿದು ಆಚೆ ಸಂತೆ ಮಾಡುತ್ತಾನೆ. ಸೊಳ್ಳೆಗೂ ಸೇತುವೆ ಬೇಕಾಗಿಲ್ಲ. ಆದರೂ ಆಚೆಯ ಕೂಸಿಗೆ ಸೂಜಿ ಇತ್ತು, ಈಚೆಯ ಕೂಸಿಗೆ ಇರಲಿಲ್ಲ! 2022ರ ಡಿಸೆಂಬರಿನಲ್ಲಿ ಹಾವೇರಿ, ಗದಗ, ಬಾಗಲಕೋಟೆ, ಉಡುಪಿ, ಯಾದಗಿರಿ ಸೇರಿ ಹತ್ತು ಜಿಲ್ಲೆಗಳ ಒಂದರಿಂದ ಹದಿನೈದು ವರ್ಷದ ಸುಮಾರು 48 ಲಕ್ಷ ಮಕ್ಕಳಿಗೆ ಹಾಕುವ ಅಭಿಯಾನ ಶುರುವಾದ ಮೇಲೆ ಆ ಗೆರೆ ಅಳಿಯಿತು. ಆಗ ಹಾಕಿದ ಜೆನ್ವ್ಯಾಕ್ ಲಸಿಕೆಯ ಮೂಲ ವೈರಾಣು ನಮ್ಮ ಕೋಲಾರದಲ್ಲೇ 80ರ ದಶಕದಲ್ಲಿ ಸಿಕ್ಕದ್ದು. ಕೋಲಾರದಿಂದ ಹಾವೇರಿಗೆ ಬರಲು ಅದಕ್ಕೆ ನಲವತ್ತು ವರ್ಷ ಹಿಡಿಯಿತು ನೋಡು.

ಜನ ಹೆದರುವುದಿಲ್ಲವೇ ಎಂದು ಕೇಳುತ್ತೀ. ಹೆದರುತ್ತಾರೆ. ಆದರೆ ಉತ್ತರ ಕರ್ನಾಟಕದವರು ಸೂಜಿಗೆ ಬೆನ್ನು ತಿರುಗಿಸುವ ಜನ ಎಂದು ಯಾರಾದರೂ ಹೇಳಿದರೆ ಹುಬ್ಬಳ್ಳಿಯ ಕಥೆ ಹೇಳು. ಹಾಫ್‌ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ 1897ರಲ್ಲಿ ಪ್ಲೇಗಿನ ಲಸಿಕೆ ಸಿದ್ಧಮಾಡಿದ. ಮರುವರ್ಷವೇ ಹುಬ್ಬಳ್ಳಿಯಲ್ಲಿ ಹತ್ತಾರು ಸಾವಿರ ಜನ ಅದನ್ನು ಹಾಕಿಸಿಕೊಂಡರು. ಆ ಕಾಲಕ್ಕೆ ಜಗತ್ತಿನಲ್ಲೇ ಅದು ದೊಡ್ಡ ಸಂಗತಿ.

2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ದೇಶಕ್ಕೆಲ್ಲ ಬೆಂಗಳೂರಿನಿಂದಲೇ ಆರಂಭವಾಯಿತು. ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಎಲ್ಲರಿಗೂ, ಶಾಲೆಗೆ ಹೋಗುವವರಿಗೆ ಶಾಲೆಯಲ್ಲೇ. ಆಗ ವಾಟ್ಸಾಪಿನಲ್ಲಿ ಬಂದ ಸುಳ್ಳುಗಳು ಒಂದೆರಡಲ್ಲ. ಹಳ್ಳಿಗಿಂತ ಪೇಟೆಯ ಓದಿದವರೇ ಹೆಚ್ಚು ಗಾಬರಿಯಾದರು ಎಂಬುದು ನನ್ನ ಅನುಭವ. ಹಳ್ಳಿಯ ತಾಯಿ ಕೇಳುವುದು ಬೇರೆ: ‘ಹೋದ ಸಲ ಹಾಕಿಸಿದಾಗ ಎರಡು ದಿನ ಜ್ವರ ಬಂತ್ರಿ ಅಕ್ಕಾರ. ಕೂಸು ಅತ್ತು ಅತ್ತು ನಾ ಕೂಲೀಗೆ ಹೋಗಲಿಲ್ಲ. ನಮ್ಮ ಅತ್ತಿ ಬೈದರು.’ ಇದು ಮೂಢನಂಬಿಕೆ ಅಲ್ಲ, ಎರಡು ದಿನದ ಕೂಲಿ. ಪೆಂಟಾ ಹಾಕಿದ ದಿನ ಜ್ವರ ಬರಬಹುದು, ಬಂದರೆ ಇಷ್ಟು ಪ್ಯಾರಾಸಿಟಮಾಲ್ ಕೊಡು, ತೊಡೆಗೆ ತಣ್ಣೀರ ಬಟ್ಟೆ ಇಡು, ತಿಕ್ಕಬೇಡ, ಅರ್ಧ ತಾಸು ಇಲ್ಲೇ ಕೂತು ಹೋಗು ಎಂದು ಹೇಳಿ ಕಳಿಸಿದವಳಿಗೆ ಎರಡನೆಯ ಸಲ ಕರೆಯಬೇಕಾಗಿಲ್ಲ. ಮರುದಿನ ಆ ಓಣಿಯಲ್ಲಿ ಒಮ್ಮೆ ಹಾದುಹೋಗು. ಅತ್ತೆಯನ್ನೂ ಮಾತಾಡಿಸು, ಗಂಡನನ್ನೂ. ನಿರ್ಧಾರ ಮಾಡುವವರು ಅವರು, ಕೂಸು ಎತ್ತಿಕೊಂಡು ಬರುವವಳು ಅವಳು.

ಮೈಮೇಲೆ ದಡಾರದ ಗುಳ್ಳೆ ಎದ್ದಾಗ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದರೆ ಜಗಳಕ್ಕೆ ನಿಲ್ಲಬೇಡ. ನಾನು ಹೊಸಿಲ ಹೊರಗೇ ನಿಂತು ‘ದ್ಯಾಮವ್ವಗ ಉಡಿ ತುಂಬ್ರಿ, ಕೂಸಿಗೆ ಈ ವಿಟಮಿನ್ ಎ ಕುಡಸ್ರಿ’ ಎನ್ನುತ್ತಿದ್ದೆ. ದೇವಿಯೂ ಸಿಟ್ಟಾಗಲಿಲ್ಲ, ಕೂಸಿನ ಕಣ್ಣೂ ಉಳಿದವು.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಲೆಕ್ಕದ ಪ್ರಕಾರ ಒಂದೂ ಪೆಂಟಾ ಅಥವಾ ಡಿಪಿಟಿ ಸೂಜಿ ಕಾಣದ ಕೂಸುಗಳು ನಮ್ಮ ದೇಶದಲ್ಲಿ 2023ರಲ್ಲಿ 16 ಲಕ್ಷದಷ್ಟಿದ್ದವು, 2024ರಲ್ಲಿ 9 ಲಕ್ಷಕ್ಕೆ ಇಳಿದಿವೆ. ದೊಡ್ಡ ಕೆಲಸ ಆಗಿದೆ. ಆದರೆ ಈ ಉಳಿದ 9 ಲಕ್ಷ ಸುಲಭಕ್ಕೆ ಸಿಗುವವಲ್ಲ. ಸುಲಭಕ್ಕೆ ಸಿಗುವವು ಆಗಲೇ ಸಿಕ್ಕಿವೆ.

ಈಗ ಯು-ವಿನ್ ಎಂಬ ಆನ್‌ಲೈನ್ ವ್ಯವಸ್ಥೆ ಬಂದಿದೆ, ಯಾವ ಊರಲ್ಲಿ ಹಾಕಿದರೂ ದಾಖಲಾಗುತ್ತದೆ ಎಂದು ನೀನೇ ಹೇಳಿದೆ. ಒಳ್ಳೆಯದಾಯಿತು. ನಮ್ಮ ಕಾಲಕ್ಕೆ ಅದಿದ್ದಿದ್ದರೆ ಎಷ್ಟೋ ಸೀರೆಯ ಟ್ರಂಕು ತೆರೆಸುವುದು ತಪ್ಪುತ್ತಿತ್ತು. ಆದರೆ ಕಂಪ್ಯೂಟರಿಗೆ ಕೂಸು ತಾನಾಗಿ ನಡೆದು ಹೋಗುವುದಿಲ್ಲ. ಯಾರಾದರೂ ಒಬ್ಬರು ಹೆಸರು ಕೇಳಿ ಬರೆಯಬೇಕು. ನಿನ್ನ ಉಪಕೇಂದ್ರದಲ್ಲಿ ಒಂದು ಬೇರೆ ನೋಟ್‌ಬುಕ್ ಇಡು. ಇಲಾಖೆ ಕೇಳುವುದಿಲ್ಲ, ನಿನಗೇ ಇರಲಿ. ಅದರಲ್ಲಿ ನಿನ್ನ ಊರವರದ್ದಲ್ಲದ ಕೂಸುಗಳನ್ನು ಮಾತ್ರ ಬರೆ: ತವರಿಗೆ ಬಂದದ್ದು, ಗಂಡನ ಮನೆಗೆ ಹೋಗಲಿರುವುದು, ಕುರಿಯ ಜತೆ ಬಂದದ್ದು, ಮಾರುಕಟ್ಟೆಯ ಶೆಡ್ಡಿನಲ್ಲಿ ಮಲಗಿದ್ದು. ಹೋಗುವ ಕೂಸಿನ ಮುಂದಿನ ಸೂಜಿ ಯಾವ ವಾರ, ಯಾವ ಊರು ಎಂದು ಅಲ್ಲಿಯ ಸಿಸ್ಟರಿಗೆ ಫೋನು ಮಾಡು. ಅವಳು ಮೊದಲ ಸಲ ಗೊಣಗುತ್ತಾಳೆ, ಮೂರನೆಯ ಸಲ ತಾನೇ ಮಾಡುತ್ತಾಳೆ. ಕಾರ್ಡಿಲ್ಲದೆ ಬಂದವರನ್ನು ಹಿಂದೆ ಕಳಿಸಬೇಡ. ಎಡತೋಳಿನ ಮೇಲೆ ಬಿಸಿಜಿಯ ಗುರುತು ನೋಡು, ತಾಯಿಯ ನೆನಪು ಕೇಳು, ಡಾಕ್ಟರಿಗೆ ಒಂದು ಮಾತು ಹೇಳಿ ಹಾಕು. ಕಾರ್ಡು ಕಳೆದವಳಿಗೆ ಬೈಯುವುದರಿಂದ ಕಾರ್ಡು ಸಿಗುವುದಿಲ್ಲ.

ಊಟ ಸರಿಯಾಗಿ ಮಾಡು. ಹೊಲದ ದಾರಿಯಲ್ಲಿ ಸ್ಕೂಟಿ ನಿಧಾನ ಓಡಿಸು. ಖಾರದ ಘಾಟಿಗೆ ಕೆಮ್ಮು ಬಂದರೆ ಮೂಗಿಗೆ ಬಟ್ಟೆ ಕಟ್ಟಿಕೋ, ಡಾಕ್ಟರಮ್ಮ ಎಂದು ನಾಚಿಕೊಳ್ಳಬೇಡ.

ಮಾರುಕಟ್ಟೆ ಜೋರಾಗಲು ಇನ್ನು ಕೆಲವೇ ವಾರ ಇದೆ. ಅಷ್ಟರೊಳಗೆ ನಿನ್ನ ವೈದ್ಯಾಧಿಕಾರಿಗಳಿಗೆ ಒಂದು ಅರ್ಜಿ ಬರೆ. ಹಂಗಾಮು ಮುಗಿಯುವ ತನಕ ಗುರುವಾರದ ಸೆಷನ್ ಅಲ್ಲದೆ ಬುಧವಾರ ಸಂಜೆ ಐದರಿಂದ ಏಳು ಗಂಟೆಗೆ, ತುಂಬು ಬಿಡಿಸುವ ಶೆಡ್ಡುಗಳ ಹತ್ತಿರವೇ ಒಂದು ಹೆಚ್ಚಿನ ಸೆಷನ್ ಬೇಕು ಎಂದು ಕೇಳು. ಎಪಿಎಂಸಿಯವರಿಗೂ ಒಂದು ಪ್ರತಿ ಕೊಡು, ನೆರಳು ಮತ್ತು ಒಂದು ಮೇಜು ಅವರು ಕೊಡಲಿ. ಬೇಡ ಎಂದರೆ ಬರಹದಲ್ಲಿ ಕೊಡಿ ಎಂದು ವಿನಯದಿಂದ ಹೇಳು. ಅರ್ಜಿಯ ಫೋಟೊ ನನಗೂ ಕಳಿಸು, ಅದರಲ್ಲಿ ಕಾಗುಣಿತ ತಪ್ಪಿದ್ದರೆ ತಿದ್ದಿ ಕೊಡುತ್ತೇನೆ.

ಇಂತಿ ನಿನ್ನ ಅಜ್ಜಿ